ಕಾಲಿನ ಆಳಸಿರೆಯ ಹೆಪ್ಪು : ಡಿ-ಡೈಮರ್ ಪರೀಕ್ಷೆಯ ವ್ಯಾಪ್ತಿವಿಚಾರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯಲ್ಲಿ ಒಂದು ಕಾಲು ಬಾತು ಮೀನಖಂಡವು ನೋಯತೊಡಗಿದರೆ 'ನರ ಹಿಡಿದಿದೆ' ಎಂದು ಎಣ್ಣೆ ಹಚ್ಚಿ ತಿಕ್ಕುವುದುಂಟು. 'ನರ' ಎಂಬ ದೇಶ್ಯಪದವು ಜ್ಞಾನತಂತುವಿಗೂ ಸ್ನಾಯುವಿಗೂ ರಕ್ತನಾಳಕ್ಕೂ ಸಮಾನವಾಗಿ ಸಲ್ಲುವುದೇ ಈ ಭ್ರಾಂತಿಗೆ ಮೂಲವು. ಸುಶ್ರುತಸಂಹಿತೆಯ ಶಾರೀರಸ್ಥಾನವು ಸಿರೆಗಳನ್ನು 700, ಧಮನಿಗಳನ್ನು 24, ಸ್ನಾಯುಗಳನ್ನು 900 ಎಂದು ಬೇರೆ ಬೇರೆಯಾಗಿ ಎಣಿಸಿದೆ. ಆ ವಿಭಾಗವು ಇಂದಿನ ಶಾರೀರಶಾಸ್ತ್ರಕ್ಕೆ ಪೂರ್ಣವಾಗಿ ಹೊಂದದಿದ್ದರೂ ಹೆಸರುಗಳ ವಿವೇಕವು ಗ್ರಾಹ್ಯವಾದುದೇ. ಪ್ರಕೃತ ವ್ಯಾಧಿಯು ಸಿರೆಯದು; ಅದೂ ಚರ್ಮದ ಕೆಳಗೆ ಉಬ್ಬಿ ಕಾಣುವ ಸಿರೆಯದಲ್ಲ, ಮಾಂಸದ ನಡುವೆ ಅಡಗಿರುವ ಆಳಸಿರೆಯದು. ಅಲ್ಲಿ ರಕ್ತವು ಹೆಪ್ಪುಗಟ್ಟಿರುವಾಗ ತಿಕ್ಕಿದರೆ ಹೆಪ್ಪಿನ ತುಂಡು ಕಳಚಿ ಪುಪ್ಫುಸವನ್ನು ಸೇರಿ ಪ್ರಾಣಕ್ಕೇ ಸಂಚಕಾರವಾಗಬಹುದು.

ಇದರ ಕಾರಣಗಳನ್ನು ಜರ್ಮನಿಯ ವಿರ್ಖೋವನ ಹೆಸರಿನಿಂದ ಮೂರಾಗಿ ಹೇಳುವರು: ರಕ್ತಗತಿಯ ಮಾಂದ್ಯ, ನಾಳಭಿತ್ತಿಯ ಕ್ಷತಿ, ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿಯ ಆಧಿಕ್ಯ. ಗದಾಯುದ್ಧದಲ್ಲಿ ಊರುಭಂಗವನ್ನು ವರ್ಣಿಸಿದ ರನ್ನನ ಮುಧೋಳದವರಿಗೆ ಒಂದು ಮಾತು ಹೇಳಬಹುದು: ತೊಡೆಯ ಎಲುಬು ಮುರಿದು ಹಾಸಿಗೆ ಹಿಡಿದವನಲ್ಲಿ ಈ ಮೂರೂ ಕೂಡಿಬರುತ್ತವೆ. ಶಸ್ತ್ರಚಿಕಿತ್ಸೆ, ಗರ್ಭ, ಬಾಣಂತಿತನ, ಅರ್ಬುದರೋಗಗಳೂ ಹೇತುಗಳೇ. ಕೈಮಗ್ಗದ ನೇಕಾರನು ಕುಣಿಯಲ್ಲಿ ಕುಳಿತಿದ್ದರೂ ತುಳಿಯುವ ಕಾಲು ಆಡುತ್ತಲೇ ಇರುವುದು. ಮೀನಖಂಡದ ಆ ಚಲನೆಯೇ ರಕ್ತವನ್ನು ಮೇಲಕ್ಕೆ ನೂಕುವ ಯಂತ್ರವು. ಅಲುಗದೆ ಮಲಗಿರುವುದೇ ಹೆಚ್ಚು ಅಪಾಯಕರ.

ಇನ್ನು ಪರೀಕ್ಷೆಯ ವಿಚಾರ. ಹೆಪ್ಪಿಗೆ ಆಧಾರವಾದುದು ಫೈಬ್ರಿನ್ ಎಂಬ ತಂತುಜಾಲ. ಶರೀರವೇ ಪ್ಲಾಸ್ಮಿನ್ ಎಂಬ ದ್ರವ್ಯದಿಂದ ಈ ಜಾಲವನ್ನು ಕತ್ತರಿಸತೊಡಗುತ್ತದೆ. ಆಗ ಪರಸ್ಪರ ಹೆಣೆದುಕೊಂಡ ಎರಡು 'ಡಿ' ಭಾಗಗಳ ತುಣುಕು ರಕ್ತದಲ್ಲಿ ಸೇರುವುದು. ಅದೇ ಡಿ-ಡೈಮರ್. 2020ರ ಕೊರೋನಾ ಕಾಲದಲ್ಲಿ ಈ ಹೆಸರು ಜನಸಾಮಾನ್ಯರ ಕಿವಿಗೂ ಬಿದ್ದಿತು.

ಹೊಸ ಹೆಪ್ಪು ಇರುವಲ್ಲಿ ಈ ತುಣುಕಿನ ಆಧಿಕ್ಯವು ಪ್ರಾಯಶಃ ಇದ್ದೇ ಇರುವುದು. ಆದರೆ ಆಧಿಕ್ಯವಿರುವಲ್ಲೆಲ್ಲ ಆಳಸಿರೆಯ ಹೆಪ್ಪು ಇರಬೇಕೆಂಬ ನಿಯಮವಿಲ್ಲ. ಸೋಂಕು, ಗರ್ಭ, ಅರ್ಬುದ, ಶಸ್ತ್ರಚಿಕಿತ್ಸೆ, ವಾರ್ಧಕ್ಯಗಳಲ್ಲಿಯೂ ಅದು ಏರುವುದು. ತರ್ಕದ ಪರಿಭಾಷೆಯಲ್ಲಿ ಹೆಪ್ಪು ವ್ಯಾಪ್ಯ, ಡಿ-ಡೈಮರಿನ ಆಧಿಕ್ಯ ವ್ಯಾಪಕ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಆದರೆ ಬೆಂಕಿಯೇ ಇಲ್ಲದ ಮಡುವಿನಲ್ಲಿ ಹೊಗೆಯೂ ಇಲ್ಲ. ಹಾಗೆಯೇ ಈ ಪರೀಕ್ಷೆಯು ರೋಗದ ಅಭಾವವನ್ನು ಸಾಧಿಸಲು ಸಮರ್ಥವೇ ಹೊರತು ಭಾವವನ್ನು ಸಾಧಿಸಲಾರದು.

ಈ ವ್ಯಾಪ್ತಿಯೂ ನಿರಪವಾದವಲ್ಲ. ಹೆಪ್ಪು ಹಳತಾಗಿದ್ದರೆ, ಅಥವಾ ಹೆಪ್ಪುನಿರೋಧಕ ಔಷಧವನ್ನು ಮೊದಲೇ ಕೊಟ್ಟಿದ್ದರೆ, ಪ್ರಮಾಣವು ತಗ್ಗಿರಬಹುದು. ಆದುದರಿಂದ ವೈದ್ಯರು ಮೊದಲು ಲಕ್ಷಣಗಳಿಂದ ಶಂಕೆಯ ಬಲವನ್ನು ಅಳೆಯುವರು. ಕೆನಡಾದ ವೆಲ್ಸ್ ಮೊದಲಾದವರು 1997ರಲ್ಲಿ ಪ್ರಕಟಿಸಿದ ಅಂಕಪದ್ಧತಿಯು ಇದಕ್ಕೆ ಪ್ರಸಿದ್ಧ. ಶಂಕೆಯು ದುರ್ಬಲವಾಗಿದ್ದು ಡಿ-ಡೈಮರ್ ಮಿತಿಯೊಳಗಿದ್ದರೆ ರೋಗವಿಲ್ಲವೆಂದು ಬಿಡಬಹುದು. ಶಂಕೆಯು ಪ್ರಬಲವಾಗಿದ್ದರೆ ಆ ಅಂಕಿಯೊಂದನ್ನೇ ನಂಬದೆ ಅಲ್ಟ್ರಾಸೌಂಡಿನಿಂದ ಸಿರೆಯನ್ನು ಒತ್ತಿ ನೋಡತಕ್ಕದ್ದು: ಆರೋಗ್ಯದ ಸಿರೆ ಒತ್ತಿದರೆ ಮುಚ್ಚುವುದು, ಹೆಪ್ಪಿರುವ ಸಿರೆ ಮುಚ್ಚದು.

ರೂಢಿಯ ಮಿತಿಯು ಫೈಬ್ರಿನೋಜನ್ ಸಮಮಾನದಲ್ಲಿ ಮಿಲಿಲೀಟರಿಗೆ 500 ನ್ಯಾನೋಗ್ರಾಂ. ಬೇರೆ ಮಾನದಲ್ಲಿ ಅದೇ ಮಿತಿಯು ಸುಮಾರು ಅರ್ಧವಾಗುವುದರಿಂದ ಮಾನವನ್ನು ನೋಡದೆ ಅಂಕಿಯನ್ನು ಓದಬಾರದು. 50 ವರ್ಷ ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸುವ ಕ್ರಮವೂ ಬಳಕೆಯಲ್ಲಿದೆ. 70 ವರ್ಷದವರಿಗೆ ಮಿತಿ 700.

ಬನಹಟ್ಟಿಯ ವೃದ್ಧೆಯೊಬ್ಬಳು ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಿರುವಳೆಂದು ಭಾವಿಸೋಣ. ಅವಳ ಚೀಟಿಯಲ್ಲಿ ಅಂಕಿ ಹೆಚ್ಚಿದ್ದರೆ ಮನೆಯವರು ರೋಗ ನಿಶ್ಚಿತವೆಂದು ಎದೆಗೆಡಬೇಕಿಲ್ಲ; ಶಸ್ತ್ರಚಿಕಿತ್ಸೆಯೇ ಅದಕ್ಕೆ ಕಾರಣವಿರಬಹುದು. ಹಾಗೆಂದು ಉದಾಸೀನವೂ ಸಲ್ಲದು, ಸಿರೆಯ ಪರೀಕ್ಷೆಯು ಆಗಲೇಬೇಕು. ಕಾಲಿನ ಬಾವಿನೊಡನೆ ಉಸಿರು ಕಟ್ಟಿದರೆ ಯಾವ ಚೀಟಿಗೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ವ್ಯಾಪ್ಯವ್ಯಾಪಕಗಳ ಭೇದವನ್ನು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯೊಡನೆ ಮರೆಯುತ್ತೇವೆ. ಭಾಷೆಯನ್ನು ಕಲಿಸುವ ಉಪಾಧ್ಯಾಯರು 'ನರ'ಕ್ಕೂ 'ಸಿರೆ'ಗೂ ಇರುವ ಅಂತರವನ್ನೂ ಈ ಒಂದು ಭೇದವನ್ನೂ ಮಕ್ಕಳಿಗೆ ತಿಳಿಸಿದರೆ ಒಂದು ಮನೆಯಲ್ಲಾದರೂ ತಿಕ್ಕುವ ಕೈ ತಡೆದು ನಿಂತೀತು.