ಚೊಚ್ಚಲ ಕಡಸಿಗೆ ಆಂಗಸ್ ಹೋರಿ: ಮೈಕಟ್ಟಿಗಿಂತ ಈ ಅಂಕಿಯೇ ಮುಖ್ಯ!

ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ದನಗಳ ಪೈಕಿ ಕಡಸುಗಳು ಸಾಮಾನ್ಯವಾಗಿ 2 ವರ್ಷಕ್ಕೆ ಮೊದಲ ಕರು ಹಾಕುತ್ತವೆ. ಆಗಿನ್ನೂ ಅವುಗಳ ಬೆಳವಣಿಗೆ ಮುಗಿದಿರುವುದಿಲ್ಲ. ಕರು ದಪ್ಪಗಿದ್ದರೆ ಕರುವಷ್ಟೇ ಅಲ್ಲ, ತಾಯಿಯೂ ಸಾಯಬಹುದು. ಸ್ಕಾಟ್ಲೆಂಡ್ ಮೂಲದ, ಕೊಂಬಿಲ್ಲದ ಆಂಗಸ್ ತಳಿ ಸುಲಭ ಹೆರಿಗೆಗೆ ಹೆಸರುವಾಸಿ. ಹಾಗೆಂದು ಎಲ್ಲ ಆಂಗಸ್ ಹೋರಿಗಳೂ ಕಡಸಿಗೆ ಹೊಂದುವುದಿಲ್ಲ.

ಹಾಗಾದರೆ ನೋಡಬೇಕಾದ್ದೇನು? ಅಮೆರಿಕನ್ ಆಂಗಸ್ ಅಸೋಸಿಯೇಷನ್ ನೀಡುವ ‘ಸಿಇಡಿ’ ಅಂಕಿ. ಒಂದು ಹೋರಿಯ ಸಿಇಡಿ 12, ಇನ್ನೊಂದರದ್ದು 4 ಎಂದಿಟ್ಟುಕೊಳ್ಳಿ. ಮೊದಲನೆಯದನ್ನು ಬಳಸಿದರೆ 100 ಕಡಸುಗಳಲ್ಲಿ ಸರಾಸರಿ 8 ಹೆಚ್ಚು ಕಡಸುಗಳು ಯಾರ ನೆರವೂ ಇಲ್ಲದೆ ಈಯುವ ನಿರೀಕ್ಷೆ ಇರುತ್ತದೆ. ಹೋರಿ ಹುಟ್ಟಿದಾಗ ಎಷ್ಟು ತೂಗುತ್ತಿತ್ತು ಎಂದು ಕೇಳುವ ಹಳೇ ರೂಢಿಯನ್ನು ಅಷ್ಟಾಗಿ ನಂಬುವಂತಿಲ್ಲ. ಹವಾಮಾನ, ತಾಯಿಯ ವಯಸ್ಸು ಕೂಡ ಆ ತೂಕವನ್ನು ಏರುಪೇರು ಮಾಡುತ್ತವೆ. ಸಿಇಡಿಯಲ್ಲಿ ಹೋರಿಯ ಬಂಧುಬಳಗದ ದಾಖಲೆಯೂ ಸೇರಿರುತ್ತದೆ.

ಆದರೆ ತೀರಾ ಸಣ್ಣ ಕರುವಿನ ಬೆನ್ನುಬಿದ್ದರೂ ನಷ್ಟವೇ. ಹಗುರಾಗಿ ಹುಟ್ಟಿದ ಕರು ಮಾರುವ ಹೊತ್ತಿಗೂ ಹಗುರಾಗಿಯೇ ಉಳಿಯುವ ಸಾಧ್ಯತೆ ಹೆಚ್ಚು. ರೈತನಿಗೆ ಹಣ ಸಿಗುವುದು ತೂಕಕ್ಕೆ. ಹೆಣ್ಣು ಕರುಗಳನ್ನು ಮಂದೆಯಲ್ಲೇ ಉಳಿಸಿಕೊಳ್ಳುವವರು ‘ಸಿಇಎಂ’ ಅನ್ನೂ ಗಮನಿಸಬೇಕು. ಆ ಹೋರಿಗೆ ಹುಟ್ಟಿದ ಕಡಸುಗಳು ಮುಂದೆ ತಮ್ಮ ಚೊಚ್ಚಲ ಕರುವನ್ನು ಎಷ್ಟು ಸುಲಭವಾಗಿ ಹಾಕಬಲ್ಲವು ಎಂಬುದನ್ನು ಅದು ಅಂದಾಜಿಸುತ್ತದೆ.