ಕಥೆಯ ಕೆಟ್ಟ ಅತ್ತೆಗೂ ಒಂದು ಕಾರಣ ಬೇಕು

ಧಾರಾವಾಹಿಯ ಅತ್ತೆಯನ್ನ ನಾವೆಲ್ಲ ನೋಡಿದೀವಿ. ಮಲಗುವಾಗಲೂ ರೇಷ್ಮೆ ಸೀರೆ, ಸೊಸೆ ಮಾಡಿದ ಸಾರಿಗೆ ಕದ್ದು ಒಂದು ಹಿಡಿ ಉಪ್ಪು. ಕಥಾಸ್ಪರ್ಧೆಗೆ ಅಂತ ನಾನು ಬರೆದಾಗಲೂ ಅದೇ ಅತ್ತೆ ಬಂದು ಕೂತಳು. ಓದಿದ ಗೆಳತಿ ಕೇಳಿದ್ದು ಒಂದೇ ಪ್ರಶ್ನೆ: "ಇದ್ರಿಂದ ಇವಳಿಗೇನು ಸಿಗತ್ತೆ?" ನನ್ನ ಹತ್ರ ಉತ್ತರ ಇರಲಿಲ್ಲ.

'ಟಾಕ್ಸಿಕ್ ಫೆಮಿನಿನಿಟಿ' ಅಂದ್ರೆ ಹೆಂಗಸರೇ ಕೆಟ್ಟವರು ಅಂತಲ್ಲ. 'ಹೆಣ್ಣು ಅಂದ್ರೆ ಹೀಗೇ ಇರಬೇಕು' ಅನ್ನೋ ಕಟ್ಟಳೆಗೆ ಒಗ್ಗಿಹೋದ ಹೆಣ್ಣು, ಅದನ್ನೇ ಇನ್ನೊಬ್ಬ ಹೆಣ್ಣಿನ ಮೇಲೆ ಹೇರೋದು. ಬೇರೆ ಅಧಿಕಾರ ಇಲ್ಲದಾಗ ಚುಚ್ಚುಮಾತು, ಕಣ್ಣೀರು, ಅಡುಗೆಮನೆಯ ಯಜಮಾನಿಕೆ ಇವೇ ಆಯುಧ.

ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ತಗೊಳ್ಳಿ. ಇಡೀ ಮನೆ ನಡೆಯೋದು ಚಿಕ್ಕಪ್ಪನ ದುಡಿಮೆಯಿಂದ. ಒಂದು ದಿನ ಅವನನ್ನ ಹುಡುಕಿಕೊಂಡು, ಅವನಿಗಾಗಿ ಅಡುಗೆ ಮಾಡಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರ್ತಾಳೆ. ಅವಳನ್ನ ಬೈದು ಅಟ್ಟೋದು ಆ ಮನೆಯ ಅಮ್ಮ, ಮಗಳು. ಚಿಕ್ಕಪ್ಪ ಕೈತಪ್ಪಿದ್ರೆ ಮನೆಯ ಅನ್ನವೇ ಕೈತಪ್ಪತ್ತೆ ಅನ್ನೋ ಭಯ ಆ ಬೈಗುಳದ ಹಿಂದಿದೆ. ಭಯ ಕಂಡಿದ್ದಕ್ಕೇ ಆ ಕ್ರೌರ್ಯ ನಮಗೆ ನಿಜ ಅನ್ಸತ್ತೆ. ಹಾಗಂತ ಲೇಖಕರು ಅದನ್ನ ಮಾಫಿ ಮಾಡಲ್ಲ. ಸೊಸೆ ಅನಿತಾ ಅದನ್ನ ಖಂಡಿಸ್ತಾಳೆ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಇದರ ಇನ್ನೊಂದು ಮುಖ. ಫಣಿಯಮ್ಮ ಬಾಲವಿಧವೆ, ಬದುಕಿಡೀ ಕಟ್ಟಳೆ ಪಾಲಿಸಿದವಳು. ಆದ್ರೆ ಎಳೆಯ ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲ್ಲ ಅಂದಾಗ, 'ನಾನು ಪಟ್ಟಿದ್ದನ್ನ ನೀನೂ ಪಡು' ಅನ್ನಲ್ಲ. ಅವಳ ಪರ ನಿಲ್ತಾಳೆ. ತಾನು ಉಂಡ ನೋವನ್ನ ಮುಂದಿನವಳಿಗೆ ದಾಟಿಸಬೇಕಾ, ತನ್ನಲ್ಲೇ ನಿಲ್ಲಿಸಬೇಕಾ? ಹೆಣ್ಣುಪಾತ್ರದ ಮುಂದೆ ಈ ಆಯ್ಕೆ ಇಟ್ಟ ಕೂಡಲೇ ಕಥೆ ಶುರುವಾಗತ್ತೆ.

ಹಾಗಾಗಿ ಬರೆಯೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇವಳು ಏನನ್ನ ಕಳ್ಕೊಳ್ಳೋಕೆ ಹೆದರ್ತಿದ್ದಾಳೆ? ಈ ಕಟ್ಟಳೆ ಇವಳಿಗೆ ಕಲಿಸಿದ್ದು ಯಾರು? ಹೆಂಗಸರಿಬ್ಬರು ಜಗಳ ಆಡುವಾಗ ಮನೆಯ ಗಂಡಸರು ಎಲ್ಲಿದ್ದಾರೆ?

ಇದಕ್ಕೆ ಅತ್ತೆ-ಸೊಸೆಯೇ ಬೇಕಿಲ್ಲ. ಲ್ಯಾಬ್ ಮುಗಿಸಿ ತಡವಾಗಿ ಹಾಸ್ಟೆಲ್‌ಗೆ ಬಂದವಳನ್ನ ನೋಡಿ "ಯಾರ ಜೊತೆ ಇದ್ದಳೋ" ಅಂತ ಪಿಸುಗುಡೋ ರೂಮ್‌ಮೇಟ್ ಸಾಕು. ಅವಳಿಗೂ ಯಾರೋ ಒಮ್ಮೆ ಹಾಗೇ ಅಂದಿರಬಹುದು. ಅಲ್ಲಿಂದ ಬರೆಯಿರಿ.