ಮುಳ್ಳು ಚುಚ್ಚಿದರೆ ಬಾವು ಬರುವುದೇಕೆ?

ಗದಗ ಜಿಲ್ಲೆಯ ಸೊರಟೂರ ಸುತ್ತಲಿನ ಹೊಲಗಳಲ್ಲಿ ಬರಿಗಾಲಿನಲ್ಲಿ ನಡೆದವರ ಅಂಗಾಲಿಗೆ ಜಾಲಿ ಮುಳ್ಳು ನಾಟುವುದು ಹೊಸತೇನಲ್ಲ. ಮುಳ್ಳನ್ನು ಕಿತ್ತೆಸೆದರೂ ಸಂಜೆಯ ಹೊತ್ತಿಗೆ ಆ ಜಾಗ ಕೆಂಪಾಗಿ, ಬಿಸಿಯೇರಿ ಬಾತುಕೊಳ್ಳುತ್ತದೆ. ಇದೇ ಉರಿಯೂತ. ಇದು ದೇಹವೇ ಹೊರಡಿಸಿದ ಆಜ್ಞೆ. ಜೀವಕೋಶದೊಳಗೆ ಆ ಆಜ್ಞೆಯನ್ನು ಕೈಯಿಂದ ಕೈಗೆ ದಾಟಿಸುವವು ಪ್ರೋಟೀನ್ ಕೈನೇಸ್ ಎಂಬ ಕಿಣ್ವಗಳು.

ಕೈನೇಸ್ ಮಾಡುವುದು ಒಂದೇ ಕೆಲಸ. ಎಟಿಪಿ ಎಂಬ ಶಕ್ತಿಕಣದಿಂದ ಒಂದು ಫಾಸ್ಫೇಟನ್ನು ತೆಗೆದು ಮತ್ತೊಂದು ಪ್ರೋಟೀನಿಗೆ ಅಂಟಿಸುತ್ತದೆ. ಅಷ್ಟರಿಂದಲೇ ಆ ಪ್ರೋಟೀನ್ ಚುರುಕಾಗುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಈ ಕೀಲಿಯನ್ನು ಕಂಡುಹಿಡಿದ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ದೊರೆಯಿತು. ಮನುಷ್ಯರಲ್ಲಿ 500ಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ.

ಮುಳ್ಳಿನೊಂದಿಗೆ ಹೊಕ್ಕ ರೋಗಾಣುವನ್ನು ಜೀವಕೋಶದ ಹೊರಪೊರೆಯ ಗ್ರಾಹಕಗಳು ಗುರುತಿಸುತ್ತವೆ. ಸುದ್ದಿ ಒಳಗಿರುವ ಐಕೆಕೆ ಎಂಬ ಕೈನೇಸ್‌ಗೆ ತಲಪುತ್ತದೆ. ಉರಿಯೂತದ ಜೀನ್‌ಗಳನ್ನು ಎಬ್ಬಿಸಬಲ್ಲ ಎನ್‌ಎಫ್-ಕಪ್ಪಾ ಬಿ ಎಂಬ ಪ್ರೋಟೀನನ್ನು 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಗುರುತಿಸಿದರು. ಸಾಮಾನ್ಯ ಸಮಯದಲ್ಲಿ ಅದು ಐ-ಕಪ್ಪಾ ಬಿ ಎಂಬ ಕಾವಲುಗಾರನ ಹಿಡಿತದಲ್ಲಿರುತ್ತದೆ. ಐಕೆಕೆ ಈ ಕಾವಲುಗಾರನಿಗೆ ಫಾಸ್ಫೇಟ್ ಅಂಟಿಸುತ್ತದೆ. ಗುರುತು ಬಿದ್ದ ಕಾವಲುಗಾರನನ್ನು ಜೀವಕೋಶವೇ ಚೂರು ಮಾಡಿಬಿಡುತ್ತದೆ. ಬಿಡುಗಡೆಗೊಂಡ ಪ್ರೋಟೀನ್ ಕೋಶಕೇಂದ್ರವನ್ನು ಹೊಕ್ಕು ಸೈಟೊಕೈನ್ ಎಂಬ ಸಂದೇಶವಾಹಕಗಳ ತಯಾರಿಕೆಗೆ ಚಾಲನೆ ನೀಡುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ಧಾವಿಸುತ್ತವೆ. ಸ್ವಾರಸ್ಯವೆಂದರೆ ಅದೇ ಪ್ರೋಟೀನ್ ಹೊಸ ಕಾವಲುಗಾರರನ್ನೂ ತಯಾರು ಮಾಡಿಸುತ್ತದೆ. ಬಾವು ತಾನಾಗಿ ಇಳಿಯಲು ಇದೂ ಒಂದು ಕಾರಣ.

ರುಮಟಾಯ್ಡ್ ಸಂಧಿವಾತದಲ್ಲಿ ಮಾತ್ರ ಬಾವು ಹಾಗೆ ಇಳಿಯದು. ಮುಳ್ಳಿಲ್ಲದೆಯೂ ಆಜ್ಞೆ ಮರಳಿ ಮರಳಿ ಹೊರಡುತ್ತದೆ. ಕಳೆ ಕೀಳುವ ಬೆರಳುಗಳ ಗಿಣ್ಣು ಬಾತು, ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲೂ ಆಗುವುದಿಲ್ಲ. ಹಾಗಾದರೆ ಕೈನೇಸನ್ನೇ ತಡೆದರೆ? ಪಿ38 ಎಂಬ ಕೈನೇಸನ್ನು ತಡೆಯುವ ಔಷಧಗಳು ಪ್ರಯೋಗಗಳಲ್ಲಿ ನಿರಾಸೆ ತಂದವು. ಸೈಟೊಕೈನ್ ಸಂದೇಶವನ್ನು ಒಳಗೊಯ್ಯುವ ಜಾಕ್ ಕೈನೇಸ್‌ಗಳನ್ನು ತಡೆಯುವ ಟೋಫಾಸಿಟಿನಿಬ್ ಮಾತ್ರೆ ಫಲ ನೀಡಿತು. 2012ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಆದರೆ ಕ್ಷಯದ ರೋಗಾಣುವನ್ನು ಕಟ್ಟಿಹಾಕುವ ಕೆಲಸದಲ್ಲೂ ಇದೇ ಕೈನೇಸ್‌ಗಳ ಪಾಲಿದೆ. ಅವುಗಳನ್ನು ತಡೆದಾಗ ಮೈಯಲ್ಲಿ ಅಡಗಿ ಕುಳಿತ ಕ್ಷಯ ತಲೆಯೆತ್ತಬಹುದು. ಕ್ಷಯ ವ್ಯಾಪಕವಾಗಿರುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ಮಾತ್ರೆ ಆರಂಭಿಸುವ ಮುನ್ನ ಕ್ಷಯದ ತಪಾಸಣೆ ಆಗಲೇಬೇಕು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ ಮತ್ತು ಕ್ಯಾನ್ಸರ್ ಅಪಾಯದ ಎಚ್ಚರಿಕೆಗಳನ್ನೂ ಕಠಿಣಗೊಳಿಸಿತು. ಮಾತ್ರೆ ಸೇವಿಸುತ್ತಿರುವವರಲ್ಲಿ ಎರಡು ವಾರ ಮೀರಿದ ಕೆಮ್ಮು ಅಥವಾ ಸಂಜೆಯ ಜ್ವರ ಕಾಣಿಸಿಕೊಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ ಕಫ ಪರೀಕ್ಷೆ ಮಾಡಿಸಬೇಕಾಗುತ್ತದೆ.